ವಿಷಕ್ಕೆ ಮದ್ದು ರಕ್ತದಲ್ಲಿ ಎಷ್ಟಿರಬೇಕು? ಅದಕ್ಕೂ ಮುಂಚೆ ಗಡಿಯಾರ ನೋಡಿ

"ಏನು ಹೊಡೆದಿದ್ದು? ಎಷ್ಟು ಗಂಟೆಗೆ ಹೊಡೆದಿದ್ದು?"

ಎರಡು ವರ್ಷದ ಹಿಂದೆ ಮೈಸೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರು ನಮ್ಮನ್ನು ಕೇಳಿದ್ದು ಇವೆರಡೇ ಪ್ರಶ್ನೆ. ನಾವು ಐದು ಜನ ಹೋಗಿದ್ದೆವು. ಒಬ್ಬರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ.

ಸ್ಟ್ರೆಚರ್ ಮೇಲಿದ್ದವನು ನನ್ನ ಚಿಕ್ಕಪ್ಪನ ಮಗ. ನಂಜನಗೂಡು ತಾಲ್ಲೂಕಿನಲ್ಲಿ ನಮ್ಮದು ಅವರದು ಪಕ್ಕಪಕ್ಕದ ಜಮೀನು. ಅವತ್ತು ಬೆಳಗ್ಗೆ ಹತ್ತಿಗೆ ಔಷಧಿ ಹೊಡೆಯೋಕೆ ಹೋಗಿದ್ದ. ಸ್ಪ್ರೇ ಕ್ಯಾನಿನ ವಾಷರ್ ಸವೆದು ಬೆನ್ನೆಲ್ಲ ನೆನೆದಿತ್ತು. 'ಇನ್ನೆರಡು ಕ್ಯಾನ್ ಅಷ್ಟೇ' ಅಂತ ಹಾಗೇ ಮುಂದುವರಿಸಿದ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ಕಣ್ಣು ಮಂಜು. ಬಿಸಿಲಿಗೆ ಹೀಗಾಗಿರಬೇಕು ಅಂತ ಬೇವಿನ ಮರದ ಕೆಳಗೆ ಮಲಗಿಸಿ ಮಜ್ಜಿಗೆ ಕೊಟ್ಟರು. ವಾಂತಿ ಆಯ್ತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಏರಿಸಿ 'ಸುಧಾರಿಸ್ಕೊಳ್ತಾನೆ, ಕರ್ಕೊಂಡು ಹೋಗಿ' ಅಂದ್ರು. ಸಂಜೆ ಬಾಯಲ್ಲಿ ನೊರೆ ಕಂಡ ಮೇಲೆ ಕಾರು ಹುಡುಕಿದೆವು. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ. ಆ ದಾರಿಯಲ್ಲಿ ನಮಗೆ ತಡ ಆಗಲಿಲ್ಲ. ತಡ ಆಗಿದ್ದು ಬೇವಿನ ಮರದ ಕೆಳಗೆ.

ಡಬ್ಬಗಳನ್ನು ತೊಳೆದು ಕಾಲುವೆ ಕಡೆ ಎಸೆದಾಗಿತ್ತು. ಅಂಗಡಿಯಲ್ಲಿ ಬಿಲ್ ತಗೊಂಡಿರಲಿಲ್ಲ. 'ಅದೇ ಸಾರ್, ಹುಳಕ್ಕೆ ಹೊಡೆಯೋ ಎಣ್ಣೆ, ಮೂರು ಥರದ್ದು ಮಿಕ್ಸ್ ಮಾಡಿದ್ವಂತೆ' ಅಂತ ನಾನೇ ಹೇಳಿದೆ. ಡಾಕ್ಟರು ರೇಗಲಿಲ್ಲ. 'ಊರಲ್ಲಿ ಯಾರಿದ್ದಾರೆ? ಫೋನ್ ಮಾಡಿ ಡಬ್ಬ ಹುಡುಕಿಸಿ, ಫೋಟೊ ತರಿಸಿ' ಅಂದ್ರು. ರಾತ್ರಿ ಎಂಟರ ಮೇಲೆ ನನ್ನ ತಮ್ಮ ಟಾರ್ಚ್ ಹಿಡಿದು ಕಾಲುವೆ ಏರಿಯ ಮೇಲೆ ಹುಡುಕಿ ಒಂದು ಡಬ್ಬದ ಫೋಟೊ ಕಳಿಸಿದ.

ಹುಡುಗ ಬದುಕಿದ. ಆರು ದಿನ ವೆಂಟಿಲೇಟರ್ ಮೇಲಿದ್ದ. ಮನೆಗೆ ಬಂದ ಮೇಲೂ ಎರಡು ತಿಂಗಳು ಗುದ್ದಲಿ ಹಿಡಿಯೋಕೆ ಆಗಲಿಲ್ಲ.

ಐಸಿಯು ಹೊರಗೆ ಕೂತಿದ್ದಾಗ ಒಂದು ದಿನ ಅದೇ ಡಾಕ್ಟರನ್ನು ಕೇಳಿದೆ: "ಸಾರ್, ವಿಷಕ್ಕೆ ಮದ್ದು ಕೊಡ್ತಿದ್ದೀರಲ್ಲ, ಅದು ರಕ್ತದಲ್ಲಿ ಸಾಕಷ್ಟು ಇದೆಯಾ ಅಂತ ಟೆಸ್ಟ್ ಮಾಡಲ್ವಾ?" ಅವರು ಒಂದು ಗಳಿಗೆ ಸುಮ್ಮನಿದ್ದು ಅಂದ್ರು: "ಆ ಟೆಸ್ಟ್ ಇದೆ. ಆದರೆ ನಿಮ್ಮ ಹುಡುಗನಿಗೆ ಬೇಕಾಗಿದ್ದ ಲೆಕ್ಕ ಅದಲ್ಲ."

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ. ಈಗ ನನ್ನ ಅಭಿಪ್ರಾಯ ಇಷ್ಟು: ಮದ್ದು ರಕ್ತದಲ್ಲಿ ಎಷ್ಟಿದೆ ಅಂತ ಅಳೆಯೋದು ಸಂಶೋಧಕರ ಕೆಲಸ, ಅದರಿಂದ ನಾವು ಕಲಿಯೋದಿದೆ. ಆದರೆ ನಮ್ಮ ಜೀವ ಉಳಿಸೋ ಅಳತೆಗಳು ಬೇರೆ ಇವೆ. ಒಂದು ಗಡಿಯಾರ, ಇನ್ನೊಂದು ಡಬ್ಬದ ಚೀಟಿ, ಮೂರನೆಯದು ನಮ್ಮದೇ ರಕ್ತದ ಒಂದು ಸಾಮಾನ್ಯ ಪರೀಕ್ಷೆ. ಮೊದಲ ಎರಡು ನಮ್ಮ ಕೈಯಲ್ಲೇ ಇವೆ. ಮೂರನೆಯದನ್ನು ನಾವು ಕೇಳಿ ಪಡೆಯಬೇಕು.

ನೀರುಗಂಟಿಯ ಕೈ ಕಟ್ಟಿದರೆ

ಮೊದಲು ವಿಷ ಏನು ಮಾಡುತ್ತೆ ನೋಡೋಣ. ಕೆರೆ, ನಾಲೆ ನೋಡಿಕೊಳ್ಳೋ ನೀರುಗಂಟಿ ಗೊತ್ತಲ್ಲ. ತೂಬು ತೆಗೀತಾನೆ, ಗದ್ದೆಗೆ ಬೇಕಾದಷ್ಟು ನೀರು ಹೋದ ಮೇಲೆ ಮುಚ್ಚುತ್ತಾನೆ. ನಮ್ಮ ಮೈಯೊಳಗೂ ಹಾಗೇ. ನರ ಒಂದು ಸಂದೇಶ ದಾಟಿಸಬೇಕಾದರೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಿಡುತ್ತೆ. ಸಂದೇಶ ದಾಟಿದ ತಕ್ಷಣ ಅದನ್ನು ಒಡೆದು ಹಾಕೋಕೆ ಕೋಲಿನ್‌ಎಸ್ಟರೇಸ್ ಅನ್ನೋ ಕಿಣ್ವ ಇದೆ. ಅದೇ ಮೈಯೊಳಗಿನ ನೀರುಗಂಟಿ.

ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಈ ನೀರುಗಂಟಿಯ ಕೈ ಕಟ್ಟುತ್ತವೆ. ಮೊನೋಕ್ರೊಟೊಫಾಸ್, ಡೈಮಿಥೋಯೇಟ್, ಕ್ಲೋರೋಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್ ಎಲ್ಲ ಈ ಗುಂಪಿನವೇ. ಹುಳದ ಮೈಯಲ್ಲಿ ಮಾಡೋದೂ ಇದೇ ಕೆಲಸ, ನಮ್ಮ ಮೈಯಲ್ಲಿ ಮಾಡೋದೂ ಇದೇ. ತೂಬು ಮುಚ್ಚೋರಿಲ್ಲದೆ ನೀರು ಹರಿಯುತ್ತಲೇ ಇರುತ್ತೆ. ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ. ಕಣ್ಣ ಪಾಪೆ ಸಾಸಿವೆ ಕಾಳಿನಷ್ಟಾಗುತ್ತೆ. ಮಾಂಸಖಂಡ ತಾನಾಗಿ ಅದುರುತ್ತೆ, ಆಮೇಲೆ ಸೋಲುತ್ತೆ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ. ಜೀವ ಹೋಗೋದು ಸಾಮಾನ್ಯವಾಗಿ ಉಸಿರಿನಿಂದಲೇ.

ಇದಕ್ಕೆ ಆಸ್ಪತ್ರೆಯಲ್ಲಿ ಎರಡು ಮುಖ್ಯ ಮದ್ದು. ಒಂದು ಅಟ್ರೊಪಿನ್. ಇದು ಹರಿಯೋ ನೀರು ಗದ್ದೆಗೆ ನುಗ್ಗದ ಹಾಗೆ ಮಡೆ ಕಟ್ಟಿದಂತೆ. ನೀರುಗಂಟಿಯ ಕೈ ಬಿಚ್ಚೋದಿಲ್ಲ, ಆದರೆ ಶ್ವಾಸಕೋಶ ಮುಳುಗೋದನ್ನು ತಡೆಯುತ್ತೆ. ಇನ್ನೊಂದು ಪ್ರಾಲಿಡಾಕ್ಸಿಮ್, ಆಸ್ಪತ್ರೆಯಲ್ಲಿ ಎಲ್ಲರೂ ಪ್ಯಾಮ್ ಅಂತಾರೆ. ಇದು ನೀರುಗಂಟಿಯ ಕೈಗೆ ಬಿದ್ದ ಗಂಟನ್ನೇ ಬಿಚ್ಚೋ ಮದ್ದು.

ಅಟ್ರೊಪಿನ್ ಎಷ್ಟು ಬೇಕು ಅನ್ನೋದಕ್ಕೆ ಯಾರೂ ರಕ್ತ ಪರೀಕ್ಷೆಗೆ ಕಾಯೋದಿಲ್ಲ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳ್ತಾರೆ, ನಾಡಿ ನೋಡ್ತಾರೆ, ರಕ್ತದೊತ್ತಡ ನೋಡ್ತಾರೆ, ಕಂಕುಳ ಮುಟ್ಟಿ ಬೆವರು ಆರಿದೆಯಾ ನೋಡ್ತಾರೆ. ಸಾಲದಿದ್ದರೆ ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟು ಮಾಡ್ತಾ ಹೋಗ್ತಾರೆ. ರೋಗಿಯ ಮೈಯೇ ಮೀಟರ್. ಮಟ್ಟ ಅಳೆಯೋ ಮಾತು ಬಂದಿದ್ದು ಪ್ಯಾಮ್ ವಿಷಯದಲ್ಲಿ.

4 ಪಿಪಿಎಂ ಲೆಕ್ಕ ಎಲ್ಲಿಂದ ಬಂತು?

ರಕ್ತದ ಕಣಗಳನ್ನು ಬೇರೆ ಮಾಡಿದ ಮೇಲೆ ಉಳಿಯೋ ತಿಳಿಹಳದಿ ದ್ರವಕ್ಕೆ ಪ್ಲಾಸ್ಮಾ ಅಂತಾರೆ. ಪ್ಯಾಮ್ ಕೆಲಸ ಮಾಡಬೇಕಾದರೆ ಒಂದು ಲೀಟರ್ ಪ್ಲಾಸ್ಮಾದಲ್ಲಿ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅನ್ನೋದು ಎಷ್ಟೋ ವರ್ಷ ವೈದ್ಯರ ಪುಸ್ತಕಗಳಲ್ಲಿದ್ದ ಲೆಕ್ಕ. ನಮ್ಮ ಭಾಷೆಯಲ್ಲಿ 4 ಪಿಪಿಎಂ. ಈ ಲೆಕ್ಕ ಬಂದಿದ್ದು ಮನುಷ್ಯರಿಂದಲ್ಲ. 1961ರಲ್ಲಿ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗದಿಂದ.

ಅಳೆಯೋದು ಕ್ರೊಮಟೋಗ್ರಫಿ ಯಂತ್ರದಲ್ಲಿ. ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಎಷ್ಟಿದೆ ಅಂತ ನೋಡೋದೂ ಇದೇ ಜಾತಿಯ ಯಂತ್ರದಲ್ಲಿ. ದೊಡ್ಡ ಪ್ರಯೋಗಾಲಯದ ಕೆಲಸ, ರಿಪೋರ್ಟ್ ಬರೋಕೆ ಹೊತ್ತು ಬೇಕು. ರೋಗಿಯ ಪಕ್ಕದಲ್ಲಿ ನಿಂತು ಹತ್ತು ನಿಮಿಷದಲ್ಲಿ ನೋಡೋ ಶುಗರ್ ಟೆಸ್ಟ್ ಥರ ಅಲ್ಲ.

ಆದರೂ ಈ ಅಳತೆ ಒಂದು ದೊಡ್ಡ ಪಾಠ ಕಲಿಸಿತು. ಪ್ಯಾಮ್ ಮೈಯಲ್ಲಿ ಬಹಳ ಹೊತ್ತು ನಿಲ್ಲೋದಿಲ್ಲ. ಸುಮಾರು ಒಂದು, ಒಂದೂವರೆ ಗಂಟೆಗೆ ಅರ್ಧಕ್ಕಿಳಿದು ಮೂತ್ರದಲ್ಲಿ ಹೊರಟುಹೋಗುತ್ತೆ. ಹಾಗಾಗಿ ಒಂದು ಸಲ ಸೂಜಿ ಚುಚ್ಚಿ ನಾಲ್ಕಾರು ಗಂಟೆ ಬಿಟ್ಟರೆ ನಡುವೆ ಹೊಲ ಒಣಗುತ್ತೆ. ಗೇಟು ಪೂರ್ತಿ ತೆಗೆದು ಅರ್ಧ ಗಂಟೆ ಹಾಯಿಸಿ ದಿನವಿಡೀ ಮುಚ್ಚೋದಕ್ಕೂ, ಹನಿ ನೀರಾವರಿಗೂ ಇರೋ ವ್ಯತ್ಯಾಸ ನಿಮಗೆ ಗೊತ್ತು. ಅದಕ್ಕೇ ಮೊದಲು ಒಂದು ದೊಡ್ಡ ಡೋಸ್ ಕೊಟ್ಟು, ಆಮೇಲೆ ಹನಿಹನಿಯಾಗಿ ಡ್ರಿಪ್‌ನಲ್ಲಿ ಕೊಡೋ ಪದ್ಧತಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಇದೇ ಕ್ರಮ.

ಇದರಿಂದ ಜೀವ ಉಳಿಯುತ್ತಾ? ಇಲ್ಲಿ ಕಥೆ ಸಿಕ್ಕಾಗುತ್ತೆ.

ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಮೊದಲು 2 ಗ್ರಾಂ ಪ್ಯಾಮ್ ಕೊಟ್ಟರು. ಆಮೇಲೆ ಎರಡು ದಿನ 100 ಜನರಿಗೆ ಗಂಟೆಗೆ 1 ಗ್ರಾಂನಂತೆ ಬಿಡದೆ ಡ್ರಿಪ್, ಉಳಿದ 100 ಜನರಿಗೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂ. ಬಿಡದೆ ಕೊಟ್ಟ ಗುಂಪಿನಲ್ಲಿ ತೀರಿಕೊಂಡವರು ಒಬ್ಬರು, ಇನ್ನೊಂದರಲ್ಲಿ 8 ಜನ. ಅಲ್ಲಿ ಸೇರಿಸಿಕೊಂಡಿದ್ದು ಬೇಗ ಬಂದ, ಮಧ್ಯಮ ಮಟ್ಟದ ವಿಷದ ರೋಗಿಗಳನ್ನು. ಇದನ್ನು ಮರೀಬೇಡಿ.

ಮೂರು ವರ್ಷದ ನಂತರ, 2009ರಲ್ಲಿ, ಶ್ರೀಲಂಕಾದ ಅಧ್ಯಯನ ಪ್ರಕಟವಾಯ್ತು. 235 ರೋಗಿಗಳು. ಅರ್ಧ ಜನರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಪ್ಯಾಮ್, ಉಳಿದವರಿಗೆ ಬರೀ ಸಲೈನ್. ಅಟ್ರೊಪಿನ್ ಮತ್ತು ಬೇರೆ ಆರೈಕೆ ಇಬ್ಬರಿಗೂ ಒಂದೇ. ಅಲ್ಲಿ ಪ್ಲಾಸ್ಮಾದಲ್ಲಿ ಪ್ಯಾಮ್ ಮಟ್ಟವನ್ನೂ ಅಳೆದರು. ಮಟ್ಟ ಆ ಹಳೇ 4ರ ಗುರಿಗಿಂತ ಸಾಕಷ್ಟು ಮೇಲೇ ಇತ್ತು. ಕೆಲವು ವಿಷಗಳಲ್ಲಿ ಕಿಣ್ವದ ಕೈ ಬಿಚ್ಚಿದ್ದೂ ರಕ್ತದಲ್ಲಿ ಕಂಡಿತು. ಆದರೆ ತೀರಿಕೊಂಡವರು ಪ್ಯಾಮ್ ಪಡೆದ 121 ಜನರಲ್ಲಿ 30, ಸಲೈನ್ ಪಡೆದ 114 ಜನರಲ್ಲಿ 18. ರಕ್ತದಲ್ಲಿ ಮದ್ದಿನ ಮಟ್ಟ ಸರಿಯಾಗಿತ್ತು, ಜೀವ ಮಾತ್ರ ಉಳಿಯಲಿಲ್ಲ.

ಅದಕ್ಕೇ ಇವತ್ತಿಗೂ ಪ್ಯಾಮ್ ಬಗ್ಗೆ ವೈದ್ಯರಲ್ಲಿ ಎರಡು ಅಭಿಪ್ರಾಯ ಇದೆ. ಕೆಲವರು ಕೊಡ್ತಾರೆ, ಕೆಲವರು ಯಾವ ವಿಷ, ಎಷ್ಟು ಹೊತ್ತಾಗಿದೆ ನೋಡಿ ನಿರ್ಧಾರ ಮಾಡ್ತಾರೆ. 'ಪಕ್ಕದ ಬೆಡ್‌ನವರಿಗೆ ಕೊಟ್ಟರು, ನಮ್ಮವನಿಗೆ ಯಾಕೆ ಕೊಡಲಿಲ್ಲ' ಅಂತ ಜಗಳಕ್ಕೆ ನಿಲ್ಲಬೇಡಿ. ಅವತ್ತು ನಾನೂ ನಿಂತಿದ್ದೆ, ಈಗ ನಾಚಿಕೆ ಆಗುತ್ತೆ. ಎಲ್ಲರೂ ಒಪ್ಪೋದು ಒಂದನ್ನು: ಅಟ್ರೊಪಿನ್, ಆಕ್ಸಿಜನ್, ಉಸಿರಾಟಕ್ಕೆ ಆಸರೆ, ಇವು ಬೇಗ ಸಿಗಬೇಕು.

ಹಸಿ ಗಂಟು, ಒಣಗಂಟು

ಮಟ್ಟ ಸರಿ ಇದ್ದರೂ ಮದ್ದು ಯಾಕೆ ಸೋಲುತ್ತೆ? ಕಾರಣ ಒಂದಲ್ಲ. ಆದರೆ ನಮಗೆ ಸಂಬಂಧಪಟ್ಟ ದೊಡ್ಡ ಕಾರಣ ಹೊತ್ತು.

ಹಗ್ಗಕ್ಕೆ ಗಂಟು ಹಾಕಿದ ತಕ್ಷಣ ಬಿಚ್ಚೋದು ಸುಲಭ. ಅದೇ ಗಂಟು ನೆನೆದು, ಎಳೆದು, ಒಣಗಿ ಬಿಗಿದುಕೊಂಡರೆ ಹಲ್ಲಲ್ಲಿ ಕಚ್ಚಿದರೂ ಬಿಚ್ಚೋದಿಲ್ಲ. ವಿಷ ಕಿಣ್ವಕ್ಕೆ ಹಾಕಿದ ಗಂಟೂ ಹಾಗೇ. ಸ್ವಲ್ಪ ಹೊತ್ತಾದ ಮೇಲೆ ಅದು ಕಾಯಂ ಬಿಗಿದುಕೊಳ್ಳುತ್ತೆ. ಆಮೇಲೆ ರಕ್ತದಲ್ಲಿ ಪ್ಯಾಮ್ 4 ಪಿಪಿಎಂ ಇರಲಿ, 40 ಇರಲಿ, ಬಿಚ್ಚೋದಿಲ್ಲ. ಮೈ ಹೊಸ ಕಿಣ್ವ ಹುಟ್ಟಿಸಿಕೊಳ್ಳೋ ತನಕ ಕಾಯಬೇಕು. ಕೆಂಪು ರಕ್ತಕಣದ ಕಿಣ್ವ ವಾಪಸ್ ಬರೋದು ದಿನಕ್ಕೆ ಸುಮಾರು ಶೇ 1ರಷ್ಟು ಮಾತ್ರ.

ಗಂಟು ಬಿಗಿಯೋ ವೇಗ ಎಲ್ಲ ವಿಷಕ್ಕೂ ಒಂದೇ ಅಲ್ಲ. ಆರ್ಗನೋಫಾಸ್ಫರಸ್‌ನಲ್ಲಿ ಡೈಮಿಥೈಲ್, ಡೈಈಥೈಲ್ ಅಂತ ಎರಡು ಮುಖ್ಯ ಪಂಗಡ. ಡೈಮಿಥೋಯೇಟ್, ಮೊನೋಕ್ರೊಟೊಫಾಸ್ ಥರದ ಡೈಮಿಥೈಲ್ ಪಂಗಡದಲ್ಲಿ ಸುಮಾರು 3.7 ಗಂಟೆಗೆ ಅರ್ಧ ಗಂಟುಗಳು ಬಿಗಿದುಕೊಳ್ಳುತ್ತವೆ. ಕ್ಲೋರೋಪೈರಿಫಾಸ್, ಕ್ವಿನಾಲ್‌ಫಾಸ್ ಥರದ ಡೈಈಥೈಲ್ ಪಂಗಡದಲ್ಲಿ ಅದಕ್ಕೆ ಸುಮಾರು 33 ಗಂಟೆ ಬೇಕು. ಇನ್ನು ಕಾರ್ಬಮೇಟ್ ಅನ್ನೋ ಬೇರೆ ಗುಂಪಿದೆ, ಕಾರ್ಬೋಫ್ಯೂರಾನ್, ಮೆಥೊಮಿಲ್ ಥರದ್ದು. ಅವೂ ಕೈ ಕಟ್ಟುತ್ತವೆ, ಆದರೆ ಗಂಟು ತಾನಾಗಿ ಸಡಿಲವಾಗುತ್ತೆ. ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕದ ಕೆಲಸವೇ ಬೇರೆ.

ಈಗ ಗೊತ್ತಾಯ್ತಲ್ಲ, ಡಾಕ್ಟರು ಯಾಕೆ ಆ ಎರಡು ಪ್ರಶ್ನೆ ಕೇಳಿದ್ರು ಅಂತ. 'ಏನು' ಅನ್ನೋದು ಗಂಟು ಯಾವ ಜಾತಿ ಅಂತ ಹೇಳುತ್ತೆ. 'ಎಷ್ಟು ಗಂಟೆಗೆ' ಅನ್ನೋದು ಅದು ಇನ್ನೂ ಹಸಿಯಾಗಿದೆಯಾ, ಬಿಗಿದಾಗಿದೆಯಾ ಅಂತ ಹೇಳುತ್ತೆ. ನಾವು ಬೇವಿನ ಮರದ ಕೆಳಗೆ, ಕ್ಲಿನಿಕ್ಕಿನ ಬೆಂಚಿನ ಮೇಲೆ ಕಳೆದ ಹೊತ್ತು ಆ 3.7 ಗಂಟೆಗಿಂತ ಹೆಚ್ಚು. ಮಟ್ಟ ಅಳೆಯೋ ಯಂತ್ರ ಪಕ್ಕದಲ್ಲೇ ಇದ್ದಿದ್ದರೂ ಆ ಹೊತ್ತನ್ನು ವಾಪಸ್ ಕೊಡ್ತಿರಲಿಲ್ಲ.

ಸುಳ್ವಾಡಿಯನ್ನು ಮರೆಯಬಾರದು

ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕಿನ ಸುಳ್ವಾಡಿ. 2018ರ ಡಿಸೆಂಬರ್ 14. ಕಿಚ್‌ಗುತ್ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಜನ ತೀರಿಕೊಂಡರು. ಪ್ರಸಾದದಲ್ಲಿ ಇದ್ದದ್ದು ಮೊನೋಕ್ರೊಟೊಫಾಸ್ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು. ಹತ್ತಿರದ ಆಸ್ಪತ್ರೆಗಳಿಗೆ ಸೇರಿಸಿ, ಅಲ್ಲಿಂದ ಎಷ್ಟೋ ಜನರನ್ನು ಮೈಸೂರಿನ ಬೇರೆ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಸುಳ್ವಾಡಿಯಿಂದ ಮೈಸೂರಿಗೆ ನೂರು ಕಿ.ಮೀ.ಗೂ ಹೆಚ್ಚು. ಕೊಳ್ಳೇಗಾಲದಿಂದ ಮೈಸೂರಿಗೆ ಬರೋ ದಾರಿ ನಮ್ಮ ತಿ. ನರಸೀಪುರದ ಮೇಲೇ ಹಾದು ಬರೋದು.

ಆ ವಿಷವನ್ನು ಬೆರೆಸಿದ್ದು ಅಪರಾಧ, ಅದು ಕೋರ್ಟಿನ ವಿಷಯ. ನಾನು ಹೇಳೋದು ಬೇರೆ. ಆ ವಿಷ ಎಲ್ಲೋ ಗುಟ್ಟಾಗಿ ತಯಾರಾದದ್ದಲ್ಲ. ನಮ್ಮ ನಿಮ್ಮ ಮನೆ ಅಟ್ಟದ ಮೇಲೆ, ಪಂಪ್‌ಹೌಸ್ ಮೂಲೆಯಲ್ಲಿ ಇರ್ತಿದ್ದ ಡಬ್ಬವೇ ಅದು. ತರಕಾರಿಗೆ ಮೊನೋಕ್ರೊಟೊಫಾಸ್ ಬಳಸಬಾರದು ಅಂತ 2005ರಲ್ಲೇ ನಿಷೇಧ ಆಗಿತ್ತು. ಅದರ 36 ಎಸ್‌ಎಲ್ ದ್ರಾವಣ ನಿಲ್ಲಿಸೋಕೆ ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 2023ರಲ್ಲಿ. ಶ್ರೀಲಂಕಾ ಅದನ್ನು 1995ರಲ್ಲೇ ನಿಲ್ಲಿಸಿತ್ತು. ಹಳೇ ಸ್ಟಾಕ್ ಇನ್ನೂ ನಿಮ್ಮ ಮನೆಯಲ್ಲಿದ್ದರೆ 'ದುಡ್ಡು ಕೊಟ್ಟಿದೀವಲ್ಲ' ಅಂತ ಹೊಡೆದು ಮುಗಿಸಬೇಡಿ. ಡಬ್ಬ ಮುಚ್ಚಿ ಬೇರೆ ಇಟ್ಟು, ಏನು ಮಾಡಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಹುಳಕ್ಕೆ ಇಡೋ ಲೆಕ್ಕ ನಮಗೆ ಯಾಕಿಲ್ಲ?

ನನ್ನ ಹೆಂಡತಿಯ ತವರು ತಿ. ನರಸೀಪುರ ತಾಲ್ಲೂಕು. ಅವರ ಮನೆಯಲ್ಲಿ ರೇಷ್ಮೆ ಸಾಕ್ತಾರೆ. ಹಿಪ್ಪುನೇರಳೆಗೆ ಔಷಧಿ ಹೊಡೆದರೆ ನಮ್ಮ ಮಾವ ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡ್ತಾರೆ. ಇಷ್ಟು ದಿನ ಆಗೋ ತನಕ ಆ ತಾಕಿನ ಒಂದು ಎಲೆಯೂ ಹುಳಕ್ಕೆ ಹೋಗಬಾರದು. ಪಕ್ಕದ ಜಮೀನಿನವರು ಹೊಡೆದರೂ ಗಾಳಿ ಯಾವ ಕಡೆ ಇತ್ತು ಅಂತ ವಿಚಾರಿಸ್ತಾರೆ. ಅನುಮಾನ ಬಂದರೆ ನಾಲ್ಕು ಹುಳಕ್ಕೆ ಹಾಕಿ ನೋಡಿ ಆಮೇಲೆ ಉಳಿದ ಹುಳದ ಮಾತು.

ಅದೇ ಮಾವ ಔಷಧಿ ಹೊಡೆಯುವಾಗ ಮೂಗಿಗೊಂದು ಟವೆಲ್ ಸುತ್ತಿ, ಬರಿಗೈಯಲ್ಲಿ ಕಡ್ಡಿ ತಗೊಂಡು ಕಲಕ್ತಾರೆ. ಹುಳದ ರಕ್ತಕ್ಕೆ ಇರೋ ಲೆಕ್ಕ ನಮ್ಮ ರಕ್ತಕ್ಕೆ ಇಲ್ಲ.

ಇಲ್ಲೇ ನನ್ನ ಬೇಡಿಕೆ ಇರೋದು. ಕೋಲಿನ್‌ಎಸ್ಟರೇಸ್ ಪರೀಕ್ಷೆ. ಪ್ಯಾಮ್ ಮಟ್ಟ ಅಳೆಯೋಷ್ಟು ಕಷ್ಟದ್ದಲ್ಲ, ಸಾಧಾರಣ ಲ್ಯಾಬಿನಲ್ಲೂ ಆಗುತ್ತೆ. ಮೈಯೊಳಗಿನ ನೀರುಗಂಟಿಗಳಲ್ಲಿ ಎಷ್ಟು ಜನರ ಕೈ ಕಟ್ಟಿದೆ ಅಂತ ಅದು ಹೇಳುತ್ತೆ. ಆದರೆ ಒಂದು ತೊಡಕಿದೆ. ಆರೋಗ್ಯವಂತರಲ್ಲೇ ಈ ಕಿಣ್ವ ಒಬ್ಬರಿಂದ ಒಬ್ಬರಿಗೆ ಬಹಳ ಹೆಚ್ಚು ಕಡಿಮೆ ಇರುತ್ತೆ. ಹುಷಾರು ತಪ್ಪಿದ ದಿನ ಮಾತ್ರ ನೋಡಿದರೆ, ಅದು ನಿಮ್ಮ ಮೈಗೆ ಮೊದಲೇ ಕಡಿಮೆಯೋ, ವಿಷಕ್ಕೆ ಇಳಿದದ್ದೋ ಗೊತ್ತಾಗೋದಿಲ್ಲ. ಅದಕ್ಕೇ ಔಷಧಿ ಹೊಡೆಯೋ ಹಂಗಾಮು ಶುರುವಾಗೋ ಮುಂಚೆ ಒಂದು ಸಲ ನೋಡಿ ಬರೆದಿಟ್ಟುಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆ ಬೋರ್‌ವೆಲ್ ನೀರಿನ ಮಟ್ಟ ಗುರುತು ಹಾಕಿಕೊಂಡ ಹಾಗೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಇದು ನಡೀತಿದೆ. ಈ ಗುಂಪಿನ ಕೀಟನಾಶಕಗಳನ್ನು ಪದೇಪದೇ ಮುಟ್ಟೋ ಕೂಲಿಕಾರರ ಕಿಣ್ವವನ್ನು ಮೊದಲೇ ಅಳೆದು ಇಡ್ತಾರೆ, ಆಮೇಲೆ ಆಗಾಗ ನೋಡ್ತಾರೆ. ಮೊದಲಿನ ಮಟ್ಟದ ಶೇ 80ಕ್ಕಿಂತ ಕೆಳಗಿಳಿದರೆ ಕೆಲಸದಲ್ಲಿ ಎಲ್ಲಿ ತಪ್ಪಾಗ್ತಿದೆ ಅಂತ ಮಾಲೀಕ ಹುಡುಕಬೇಕು. ಕೆಂಪು ಕಣದ ಕಿಣ್ವ ಶೇ 70ಕ್ಕೆ ಅಥವಾ ಪ್ಲಾಸ್ಮಾದ ಕಿಣ್ವ ಶೇ 60ಕ್ಕೆ ಇಳಿದರೆ ಆ ಮನುಷ್ಯನನ್ನು ಆ ಕೆಲಸದಿಂದ ಬಿಡಿಸಬೇಕು, ಮತ್ತೆ ಶೇ 80ಕ್ಕೆ ಏರೋ ತನಕ. ಮೈ ಬೀಳೋ ಮುಂಚೆ ಲೆಕ್ಕ ಎಚ್ಚರಿಸುತ್ತೆ.

'ಅದೆಲ್ಲ ಅಮೆರಿಕಕ್ಕೆ ಸರಿ' ಅಂತೀರಿ. ನಮ್ಮ ದೇಶದಲ್ಲೇ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೆದ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅಲ್ಲಿದ್ದದ್ದೂ ನಮ್ಮದೇ ಹತ್ತಿ, ನಮ್ಮದೇ ಕ್ಯಾನು, ನಮ್ಮದೇ ಮಿಕ್ಸಿಂಗು. 'ಇಪ್ಪತ್ತು ವರ್ಷದಿಂದ ಹೊಡೀತಿದೀನಿ, ಏನೂ ಆಗಿಲ್ಲ' ಅನ್ನೋ ಮಾತು ಅಲ್ಲೂ ಇದ್ದೇ ಇರುತ್ತೆ.

ಇನ್ನೊಂದು ಮಾತು. ಈಗ ಎಷ್ಟೋ ಜನ ಮಾಲೀಕರು ತಾವೇ ಹೊಡೆಯೋದಿಲ್ಲ. ಕ್ಯಾನಿಗೆ ಇಷ್ಟು ಅಂತ ಕೂಲಿಗೆ ಕರೀತಾರೆ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು, ಹಂಗಾಮು ಪೂರ್ತಿ ಅವರ ಬೆನ್ನ ಮೇಲೆ ಕ್ಯಾನು. ಅವರ ಕಿಣ್ವ ಏರೋಕೆ ಬಿಡುವೇ ಇಲ್ಲ. ಡಬ್ಬದ ಮೇಲಿನ ಹೆಸರೂ ಅವರಿಗೆ ಗೊತ್ತಿರಲ್ಲ, ಮಾಲೀಕ ಕಲಸಿ ಕೊಟ್ಟಿರ್ತಾನೆ. ಪರೀಕ್ಷೆ ಮೊದಲು ಸಿಗಬೇಕಾದ್ದು ಅವರಿಗೆ.

ಹಾಗಾಗಿ ನಾವು ಕೇಳಬೇಕಾದ್ದು ಮೂರು. ನಂಜನಗೂಡು, ನರಸೀಪುರದಂಥ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷವಿಡೀ ಸಾಕಷ್ಟು ಅಟ್ರೊಪಿನ್ ಇರಬೇಕು. ಅಲ್ಲೇ ಕೋಲಿನ್‌ಎಸ್ಟರೇಸ್ ಪರೀಕ್ಷೆ ಆಗಬೇಕು. ಹಂಗಾಮಿಗೆ ಮುಂಚೆ ಔಷಧಿ ಹೊಡೆಯೋರಿಗೆ ಉಚಿತವಾಗಿ ಒಂದು ಸಲ ನೋಡಿ ಕಾರ್ಡ್ ಕೊಡಬೇಕು. ಮಣ್ಣಿಗೆ ಆರೋಗ್ಯ ಕಾರ್ಡ್ ಇದೆ, ಮಣ್ಣಲ್ಲಿ ದುಡಿಯೋನಿಗೆ ಯಾಕೆ ಬೇಡ? ಇದನ್ನು ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೊಡಿ. ನಮ್ಮೂರಲ್ಲಿ ಹದಿನೆಂಟು ಜನ ಸಹಿ ಮಾಡಿ ಕೊಟ್ಟಿದ್ದೀವಿ.

ಈ ವಾರದಿಂದಲೇ ಮಾಡಬಹುದಾದ್ದು

1. ಕ್ಯಾನ್ ಬೆನ್ನಿಗೇರಿಸೋ ಮುಂಚೆ ಪ್ರತಿ ಡಬ್ಬದ ಚೀಟಿಯ ಫೋಟೊ ತೆಗೆದು ಮನೆಯ ವಾಟ್ಸ್‌ಆಪ್ ಗ್ರೂಪಿಗೆ ಹಾಕಿ. ಹೆಸರೂ ಸಿಕ್ಕಿತು, ಗಂಟೆಯೂ ತಾನಾಗಿ ದಾಖಲಾಯ್ತು. ಆ ಚೀಟಿಯಲ್ಲಿ ವಿಷಕ್ಕೆ ಮದ್ದು ಏನು ಅಂತಲೂ ಬರೆದಿರುತ್ತೆ.

2. ಚೀಟಿಯ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕಡಿಮೆ ವಿಷದ್ದು ಯಾವುದು ಸಾಕಾಗುತ್ತೆ ಅಂತ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

3. ಬಟ್ಟೆ ನೆನೆದರೆ 'ಇನ್ನೆರಡು ಕ್ಯಾನ್' ಅನ್ನಬೇಡಿ. ಅಲ್ಲೇ ನಿಲ್ಲಿಸಿ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಚೆನ್ನಾಗಿ ನೀರಲ್ಲಿ ತೊಳೀರಿ. ತೊಳೆಯೋರು ಕೈಗೆ ಗ್ಲೌಸ್ ಹಾಕಿಕೊಳ್ಳಲಿ.

4. ಬೆವರು, ಜೊಲ್ಲು, ಕಣ್ಣು ಮಂಜು, ವಾಂತಿ, ಎದೆ ಬಿಗಿತ ಕಂಡರೆ ಬಿಸಿಲು ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಉಪ್ಪುನೀರು, ಹುಣಸೆನೀರು, ಮಜ್ಜಿಗೆ, ಹಾಲು ಏನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಪ್ರಜ್ಞೆ ತಪ್ಪುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ.

5. ದೆಹಲಿಯ ಏಮ್ಸ್‌ನಲ್ಲಿರೋ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

6. ಒಂದು ದಿನಕ್ಕೆ ಎದ್ದು ಕೂತ ಅಂತ ಆಸ್ಪತ್ರೆಯಿಂದ ಬಿಡಿಸಿಕೊಂಡು ಬರಬೇಡಿ. ಒಂದರಿಂದ ನಾಲ್ಕು ದಿನದ ಒಳಗೆ ಕುತ್ತಿಗೆ, ಉಸಿರಾಟದ ಮಾಂಸಖಂಡ ಸೋಲೋ ಅಪಾಯ ಇರುತ್ತೆ. ನಮ್ಮ ಹುಡುಗನಿಗೆ ವೆಂಟಿಲೇಟರ್ ಬೇಕಾಗಿದ್ದು ಎರಡನೇ ದಿನ, 'ಪರವಾಗಿಲ್ಲ' ಅನ್ನಿಸಿದ ಮೇಲೆ.

ಇನ್ನೂ ಒಂದು ವಿಷಯ ಹೇಳದೆ ಮುಗಿಸೋದು ಸರಿಯಲ್ಲ. ಈ ಡಬ್ಬಗಳಿಂದ ಆಸ್ಪತ್ರೆ ಸೇರೋರಲ್ಲಿ ಹೊಲದಲ್ಲಿ ಮೈಗೆ ತಾಗಿದವರಿಗಿಂತ, ಮನಸ್ಸು ಕೆಟ್ಟ ಒಂದು ಗಳಿಗೆಯಲ್ಲಿ ಕೈ ಹಾಕಿದವರೇ ಹೆಚ್ಚು. ಸಾಲ, ಬೆಲೆ ಬಿದ್ದದ್ದು, ಮನೆ ಜಗಳ, ಯಾವುದೇ ಇರಲಿ, ಆ ಗಳಿಗೆ ದಾಟಿಬಿಡುತ್ತೆ. ಮನಸ್ಸು ಭಾರವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಗೆಳೆಯ ಮಂಕಾಗಿದ್ದಾನೆ ಅನ್ನಿಸಿದರೆ ಸುಮ್ಮನೆ ಅವನ ಹೊಲದ ಕಡೆ ಒಂದು ಸುತ್ತು ಹೋಗಿ ಬನ್ನಿ. ಬೇಡದ ಡಬ್ಬ ಮನೆಯಲ್ಲಿ ಇಡಬೇಡಿ.

ನಂಜುಂಡ ಅಂದರೆ ನಂಜು ಉಂಡವನು. ವಿಷವನ್ನು ಗಂಟಲಲ್ಲೇ ತಡೆದು ನಿಲ್ಲಿಸಿಕೊಂಡ ದೇವರ ಊರಲ್ಲಿ ಹುಟ್ಟಿ ಬೆಳೆದವರು ನಾವು. ಪ್ರತಿ ವರ್ಷ ತೇರು ಎಳೀತೀವಿ. ಆದರೆ ನಮ್ಮ ಗಂಟಲಿಗೆ ಆ ಶಕ್ತಿ ಇಲ್ಲ. ನಮ್ಮ ಚರ್ಮಕ್ಕೂ ಇಲ್ಲ.

ನನ್ನ ಚಿಕ್ಕಪ್ಪನ ಮಗ ಈಗ ಮತ್ತೆ ಹೊಲಕ್ಕೆ ಇಳಿದಿದ್ದಾನೆ. ವಾಷರ್ ಹೊಸದು ಹಾಕಿಸಿದ್ದಾನೆ, ಔಷಧಿ ಹೊಡೆಯೋದನ್ನು ಅರ್ಧ ಮಾಡಿದ್ದಾನೆ. ಹೊಡೆಯೋ ದಿನ ಬೆಳಗ್ಗೆ ನಮ್ಮ ಗ್ರೂಪಿನಲ್ಲಿ ಟಿಂಗ್ ಅಂತ ಒಂದು ಫೋಟೊ ಬರುತ್ತೆ, ಡಬ್ಬದ್ದು. ಮಧ್ಯಾಹ್ನ ಇನ್ನೊಂದು ಬರುತ್ತೆ, ಸ್ನಾನ ಮಾಡಿ ಊಟಕ್ಕೆ ಕೂತಿರೋದು. ಎರಡನೇ ಫೋಟೊ ಬರೋ ತನಕ ಚಿಕ್ಕಮ್ಮ ತಟ್ಟೆಗೆ ಕೈ ಹಾಕೋದಿಲ್ಲ.